ಮಡಿಲಿಗೊಂದು ಮಸೂದೆ

ಟೆಕ್ಸಾಸ್ ರಾಜ್ಯದ ದಕ್ಷಿಣದ ಅಂಚಿನ ಊರು ಮೆಕಾಲೆನ್. 2018ರ ಜೂನ್ ತಿಂಗಳು. ಬೆಳಗಿನ ಬಿಸಿಲಿಗೇ ರಸ್ತೆಯ ಡಾಂಬರು ಕಾದಿದೆ. ಪೇಟೆಯ ಬೆಂಟ್ಸನ್ ಟವರ್ ಎಂಬ ಕಟ್ಟಡದಲ್ಲಿ ಫೆಡರಲ್ ನ್ಯಾಯಾಲಯವಿದೆ. ಅಲ್ಲಿಗೆ ಬಸ್ಸುಗಳಲ್ಲಿ ಜನರನ್ನು ತಂದು ಇಳಿಸುತ್ತಾರೆ. ರಿಯೊ ಗ್ರಾಂಡೆ ನದಿ ದಾಟುವಾಗ ತೊಟ್ಟಿದ್ದ ಬಟ್ಟೆಯೇ ಇನ್ನೂ ಮೈಮೇಲಿದೆ. ಪ್ಯಾಂಟಿನ ಅಂಚಿನಲ್ಲಿ ಕೆಸರು ಒಣಗಿ ಹಕ್ಕಳೆಗಟ್ಟಿದೆ. ಕಾಲಿಗೆ ಬೇಡಿ, ಸೊಂಟಕ್ಕೆ ಸರಪಳಿ. ಶೂಗಳಿವೆ, ಲೇಸ್ ಇಲ್ಲ. ಬಂಧಿಸಿದವರಿಂದ ಮೊದಲು ತೆಗೆದುಕೊಳ್ಳುವ ವಸ್ತುಗಳಲ್ಲಿ ಅದೂ ಒಂದು. ಬೆಂಚುಗಳ ಮೇಲೆ ಸಾಲಾಗಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ನ್ಯಾಯಾಧೀಶರ ಇಂಗ್ಲಿಷು ದುಭಾಷಿಯ ಬಾಯಲ್ಲಿ ಸ್ಪ್ಯಾನಿಷ್ ಆಗಿ ಅದರೊಳಗೆ ಕೇಳಿಬರುತ್ತದೆ.

ವಿಚಾರಣೆ ಶುರುವಾಗುವ ಮುನ್ನ ವಕೀಲರಿಗೆ ಸ್ವಲ್ಪ ಹೊತ್ತು ಸಿಗುತ್ತದೆ. ಟೆಕ್ಸಾಸ್ ಸಿವಿಲ್ ರೈಟ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ಎಫ್ರೆನ್ ಒಲಿವಾರೆಸ್ ಮತ್ತು ಅವರ ಸಂಗಡಿಗರು ಆ ಹೊತ್ತಿನಲ್ಲಿ ಬೆಂಚಿನಿಂದ ಬೆಂಚಿಗೆ ಹೋಗುತ್ತಾರೆ. ಹದಿಮೂರರ ಹುಡುಗನಾಗಿ ಮೆಕ್ಸಿಕೊದಿಂದ ಈ ದೇಶಕ್ಕೆ ಬಂದವರು ಒಲಿವಾರೆಸ್. ಮಗುವಿನ ಜೊತೆ ಗಡಿ ದಾಟಿದವರು ಯಾರಾದರೂ ಇದ್ದೀರಾ ಎಂದು ಕೇಳುತ್ತಾರೆ. ಬೇಡಿ ತೊಟ್ಟ ಕೈಗಳು ಎಷ್ಟು ಸಾಧ್ಯವೋ ಅಷ್ಟು ಮೇಲೇಳುತ್ತವೆ. ಮಗುವಿನ ಹೆಸರೇನು, ವಯಸ್ಸೆಷ್ಟು, ಹುಟ್ಟಿದ ದಿನ ಯಾವುದು, ಯಾವತ್ತು ಕರೆದುಕೊಂಡು ಹೋದರು ಎಂದು ಕೇಳಿ ಗೆರೆ ಎಳೆದ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಆ ಹಾಳೆಗೆ ಎಷ್ಟು ಬೆಲೆ ಬರಲಿದೆ ಎಂಬುದು ಆ ಬೆಳಗ್ಗೆ ಯಾರಿಗೂ ತಿಳಿದಿರಲಿಲ್ಲ. ಯಾವ ತಾಯಿಗೆ ಯಾವ ಮಗು ಎಂಬ ಪಟ್ಟಿ ಸರ್ಕಾರದ ಬಳಿಯೇ ಇರಲಿಲ್ಲ.

ನ್ಯಾಯಾಧೀಶರು ಬರುತ್ತಾರೆ. ಕೆಲವು ದಿನ ಎಪ್ಪತ್ತಕ್ಕೂ ಮೀರಿದ ಜನರ ವಿಚಾರಣೆ ಒಟ್ಟೊಟ್ಟಿಗೆ ನಡೆಯುತ್ತದೆ. ಪರವಾನಗಿ ಇಲ್ಲದೆ ಗಡಿ ದಾಟಿದ ಆರೋಪವನ್ನು ಒಪ್ಪುತ್ತೀರಾ ಎಂಬ ಪ್ರಶ್ನೆ ಒಬ್ಬೊಬ್ಬರ ಮುಂದೆಯೂ ಬರುತ್ತದೆ. ‘ಕುಲ್ಪಾಬ್ಲೆ’ ಎನ್ನುತ್ತಾರೆ ಒಬ್ಬರಾದ ಮೇಲೆ ಒಬ್ಬರು. ತಪ್ಪಿತಸ್ಥ, ತಪ್ಪಿತಸ್ಥೆ. ಹೆಚ್ಚಿನವರಿಗೆ ಕೊಡುವ ಶಿಕ್ಷೆ ಆಗಲೇ ಕಳೆದ ಒಂದೆರಡು ದಿನಗಳ ಸೆರೆವಾಸ. ಅಲ್ಲಿಗೆ ಮೊಕದ್ದಮೆ ಮುಗಿಯಿತು. ನ್ಯಾಯಾಲಯದಿಂದ ಮರಳಿದ ಮೇಲೆ ಮಗು ಮತ್ತೆ ಸಿಗುತ್ತದೆ ಎಂದುಕೊಂಡು ಅವರು ಬಸ್ಸು ಹತ್ತುತ್ತಾರೆ. ವಾಪಸು ಹೋದಾಗ ಮಗು ಅಲ್ಲಿರುವುದಿಲ್ಲ. ಮಕ್ಕಳನ್ನು ಸ್ನಾನಕ್ಕೆ ಕರೆದೊಯ್ಯುತ್ತೇವೆ ಎಂದು ಹೇಳಿ ಕರೆದುಕೊಂಡು ಹೋದವರು ತಿರುಗಿ ಬರಲೇ ಇಲ್ಲ ಎಂದು ಕೆಲವು ಹೆತ್ತವರು ವಕೀಲರಿಗೆ ಹೇಳಿದರು.

ಎರಡು ಕಾಯ್ದೆಗಳ ಸಂದಿನಲ್ಲಿ

ತಾಯಿಯಿಂದ ಮಗುವನ್ನು ಬೇರೆ ಮಾಡಿ ಎಂದು ಹೇಳುವ ಒಂದು ಕಾಯ್ದೆಯೂ ಅಮೆರಿಕದಲ್ಲಿರಲಿಲ್ಲ. ಹಾಗೆ ಮಾಡಬೇಡಿ ಎಂದು ಹೇಳುವ ಕಾಯ್ದೆಯೂ ಇರಲಿಲ್ಲ. ನಡೆದದ್ದೆಲ್ಲ ಈ ಎರಡು ‘ಇಲ್ಲ’ಗಳ ನಡುವಿನ ಸಂದಿನಲ್ಲಿ.

ಒಂದು ಕಡೆ, ಪರವಾನಗಿ ಇಲ್ಲದೆ ಗಡಿ ದಾಟುವುದನ್ನು ಅಪರಾಧವೆನ್ನುವ, ಫೆಡರಲ್ ಕಾನೂನಿನ ಕಲಂ 1325. ಮೊದಲ ಬಾರಿಗೆ ಇದು ಸಣ್ಣ ಅಪರಾಧ. ಹೆಚ್ಚೆಂದರೆ ಆರು ತಿಂಗಳ ಸಜೆ. ಮಕ್ಕಳನ್ನು ಕಟ್ಟಿಕೊಂಡು ಬಂದ ಹೆತ್ತವರ ಮೇಲೆ ಈ ಮೊಕದ್ದಮೆ ಹೂಡುವ ರೂಢಿ ಅದುವರೆಗೆ ಹೆಚ್ಚಿರಲಿಲ್ಲ. ಇನ್ನೊಂದು ಕಡೆ, ಒಂಟಿಯಾಗಿ ಬಂದ ಮಕ್ಕಳನ್ನು ಕಾಪಾಡಲೆಂದೇ 2008ರಲ್ಲಿ ಮಾಡಿದ ಕಾಯ್ದೆ. ಹೆತ್ತವರಿಲ್ಲದ ಮಗು ಸಿಕ್ಕರೆ 72 ಗಂಟೆಯೊಳಗೆ ಆರೋಗ್ಯ ಇಲಾಖೆಯ ನಿರಾಶ್ರಿತರ ವಿಭಾಗಕ್ಕೆ ಒಪ್ಪಿಸಬೇಕು ಎನ್ನುತ್ತದೆ ಅದು. 2018ರ ಏಪ್ರಿಲ್ 6ರಂದು ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ‘ಶೂನ್ಯ ಸಹನೆ’ ನೀತಿಯನ್ನು ಘೋಷಿಸಿದರು. ಗಡಿ ದಾಟಿದ ಪ್ರತಿಯೊಬ್ಬರ ಮೇಲೂ ಮೊಕದ್ದಮೆ ಎಂದು ಮೇ 7ರಂದು ಮತ್ತೊಮ್ಮೆ ಸಾರಿದರು. ತಾಯಿಯನ್ನು ಜೈಲಿಗೆ ಒಯ್ದರೆ ಮಗು ಜೈಲಿಗೆ ಹೋಗುವಂತಿಲ್ಲ. ಹಾಗಾಗಿ ತಾಯಿಯ ಸೊಂಟದ ಮೇಲೆ ಕೂತು ಬಂದ ಕೂಸು ಸರ್ಕಾರಿ ಕಾಗದದಲ್ಲಿ ‘ಒಂಟಿಯಾಗಿ ಬಂದ ಮಗು’ ಆಯಿತು. ಒಂಟಿ ಮಕ್ಕಳನ್ನು ಕಾಯಲು ಮಾಡಿದ ಕಾಯ್ದೆಯೇ ಮಕ್ಕಳನ್ನು ಒಂಟಿಯಾಗಿಸುವ ಯಂತ್ರಕ್ಕೆ ಹಲ್ಲುಗಾಲಿಯಾಯಿತು.

ಇದರ ತಾಲೀಮು ಹಿಂದಿನ ವರ್ಷವೇ ಎಲ್ ಪಾಸೊ ವಲಯದಲ್ಲಿ ಸದ್ದಿಲ್ಲದೆ ನಡೆದಿತ್ತು. 2017ರ ಜುಲೈಯಿಂದ ನವೆಂಬರ್‌ವರೆಗೆ ಅಲ್ಲಿ ಹೆತ್ತವರ ಮೇಲೆ ಮೊಕದ್ದಮೆ ಹೂಡಿ ಮಕ್ಕಳನ್ನು ಬೇರೆ ಕಳಿಸಿದ್ದರು. ಈಗ ಅದು ಇಡೀ ಗಡಿಗೆ ಹಬ್ಬಿತು. 2018ರ ಮೇ 5ರಿಂದ ಜೂನ್ 9ರವರೆಗಿನ ಐದು ವಾರಗಳಲ್ಲಿ 2,342 ಮಕ್ಕಳನ್ನು ಬೇರ್ಪಡಿಸಿದ್ದಾಗಿ ಸರ್ಕಾರವೇ ಲೆಕ್ಕ ಕೊಟ್ಟಿತು.

ನೇರ ದಾರಿ ಬಿಟ್ಟು ಹೊಳೆ ಏಕೆ ದಾಟಬೇಕಿತ್ತು ಎಂದು ಕೇಳುವವರಿದ್ದಾರೆ. ಸೇತುವೆಯ ಮೇಲೆ ನಡೆದು ಬಂದು ಆಶ್ರಯ ಕೋರುವುದು ಅಪರಾಧವಲ್ಲ, ನಿಜ. ಆದರೆ ಆ ಬೇಸಿಗೆಯಲ್ಲಿ ಸೇತುವೆಗಳ ನಡುಗೆರೆಯಲ್ಲೇ ಅಮೆರಿಕದ ಅಧಿಕಾರಿಗಳು ನಿಂತಿದ್ದರು. ಜಾಗವಿಲ್ಲ, ಆಮೇಲೆ ಬನ್ನಿ ಎಂದು ವಾಪಸು ಕಳಿಸುತ್ತಿದ್ದರು. ಹೊಂಡುರಾಸ್‌ನಿಂದಲೋ ಗ್ವಾಟೆಮಾಲಾದಿಂದಲೋ ವಾರಗಟ್ಟಲೆ ನಡೆದು ಬಂದವರು ಕೂಸುಕುನ್ನಿಗಳೊಂದಿಗೆ ಸೇತುವೆಯ ಕಾಂಕ್ರೀಟಿನ ಮೇಲೇ ಮಲಗಿದರು. ಕಾದು ಸಾಕಾದ ಕೆಲವರು ಹೊಳೆಯ ದಾರಿ ಹಿಡಿದರು. ಹೀಗೆ ತಡೆದದ್ದೇ ಜನರನ್ನು ಅಕ್ರಮ ದಾರಿಗೆ ದೂಡಿರಬಹುದು ಎಂದು ಗೃಹಭದ್ರತಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿಯೇ ಆ ಸೆಪ್ಟೆಂಬರ್‌ನಲ್ಲಿ ಹೇಳಿತು. ದಾಟಿದ ದಾರಿ ಯಾವುದೇ ಇರಲಿ, ನೆಲ ಮುಟ್ಟಿದ ಮೇಲೆ ಆಶ್ರಯ ಕೇಳುವ ಹಕ್ಕನ್ನು ಅಮೆರಿಕದ ವಲಸೆ ಕಾಯ್ದೆ ಕೊಟ್ಟಿದೆ ಎಂಬುದನ್ನೂ ಮರೆಯುವಂತಿಲ್ಲ.

ಗೋದಾಮಿನೊಳಗೆ

ಮೆಕಾಲೆನ್‌ನ ಅರ್ಸುಲಾ ಬೀದಿಯಲ್ಲಿ ಒಂದು ಹಳೆಯ ಗೋದಾಮು. 2014ರಲ್ಲಿ ಅದನ್ನು ಗಡಿ ಗಸ್ತು ಪಡೆಯ ಕೇಂದ್ರವಾಗಿ ಮಾರ್ಪಡಿಸಿದ್ದರು. ಒಳಗೆ ಎತ್ತರದ ಚಾವಣಿ, ಕೆಳಗೆ ಕಾಂಕ್ರೀಟ್ ನೆಲ. ನಡುವೆ ತಂತಿ ಬಲೆಯ ಬೇಲಿಗಳನ್ನು ನಿಲ್ಲಿಸಿ ಕೋಣೆಗಳಂತೆ ಭಾಗ ಮಾಡಿದ್ದರು. ಗಂಡಸರಿಗೊಂದು, ಹೆಂಗಸರಿಗೊಂದು, ಮಕ್ಕಳಿಗೊಂದು. ನೆಲದ ಮೇಲೆ ತೆಳ್ಳನೆಯ ಹಾಸು. ಹೊದೆಯಲು ಬೆಳ್ಳಿ ಬಣ್ಣದ ಹಾಳೆ, ಊಟ ಕಟ್ಟುವ ಫಾಯಿಲ್‌ನಷ್ಟು ತೆಳುವಾದದ್ದು. ಮಗ್ಗುಲಾದರೆ ಸರಸರ ಸದ್ದು. ದೀಪ ಆರುತ್ತಿರಲಿಲ್ಲ. ಎಸಿಯ ಚಳಿಗೆ ಇಂಥ ಜಾಗಗಳಿಗೆ ವಲಸಿಗರು ಇಟ್ಟ ಹೆಸರು ‘ಹಿಯೆಲೆರಾ’, ಐಸ್ ಪೆಟ್ಟಿಗೆ.

ಜೂನ್ 18ರಂದು ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಇಂಥದೊಂದು ಕೇಂದ್ರದ ಒಳಗಿನ ಧ್ವನಿಮುದ್ರಣವನ್ನು ಹೊರಹಾಕಿತು. ಚಿತ್ರವಿಲ್ಲ, ಬರೀ ಸದ್ದು. ಉಸಿರು ಸಿಗದಷ್ಟು ಅಳುತ್ತಿರುವ ಪುಟ್ಟ ಮಕ್ಕಳು. ‘ಮಮಿ’, ‘ಪಪಾ’ ಎಂಬ ಎರಡೇ ಮಾತು ಮತ್ತೆ ಮತ್ತೆ. ಆ ಅಳುವಿನ ನಡುವೆ ಎಲ್ ಸಾಲ್ವಡಾರ್‌ನ ಆರು ವರ್ಷದ ಒಬ್ಬ ಹುಡುಗಿ ತನ್ನ ಚಿಕ್ಕಮ್ಮನಿಗೆ ಫೋನ್ ಮಾಡಿಕೊಡಿ ಎಂದು ಕೇಳುತ್ತಾಳೆ. ನಂಬರ್ ಅವಳಿಗೆ ಬಾಯಿಪಾಠ. ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳುತ್ತಾಳೆ. ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಮನೆಯವರು ಕಲಿಸಿಕೊಟ್ಟದ್ದು ಅವಳ ಕೈ ಹಿಡಿಯಿತು. ಮಾತೇ ಬಾರದ ಮಕ್ಕಳಿಗೆ ಆ ಆಸರೆಯೂ ಇರಲಿಲ್ಲ.

ಅಮೆರಿಕದ ಮಕ್ಕಳ ವೈದ್ಯರ ಸಂಘದ ಅಧ್ಯಕ್ಷೆಯಾಗಿದ್ದ ಡಾ. ಕಾಲೀನ್ ಕ್ರಾಫ್ಟ್ ಅದೇ ವಸಂತದಲ್ಲಿ ಟೆಕ್ಸಾಸಿನ ಒಂದು ಶಿಶು ಆಶ್ರಯಧಾಮಕ್ಕೆ ಹೋಗಿದ್ದರು. ಆಟಿಕೆಗಳಿದ್ದವು, ಪುಸ್ತಕಗಳಿದ್ದವು, ಬಣ್ಣದ ಚಾಪೆಯಿತ್ತು. ಎರಡು ವರ್ಷವೂ ತುಂಬದ ಒಂದು ಹೆಣ್ಣುಕೂಸು ಆ ಚಾಪೆಗೆ ಮುಷ್ಟಿಯಿಂದ ಗುದ್ದುತ್ತಾ ಕಿರುಚಿ ಅಳುತ್ತಿತ್ತು. ಪಕ್ಕದಲ್ಲೇ ಕೂತಿದ್ದ ಸಿಬ್ಬಂದಿ ಆಟಿಕೆ ಕೊಟ್ಟರು, ಪುಸ್ತಕ ತೋರಿಸಿದರು; ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಲು ಅಪ್ಪಣೆ ಇಲ್ಲ ಎಂದರು. ಕೂಸಿಗೆ ಏನು ಬೇಕು ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೇಕಾದವಳು ಅಲ್ಲಿರಲಿಲ್ಲ. ತಾಯಿಯನ್ನು ಕಳೆದುಕೊಂಡ ಎಳೆಯ ಮೈಯಲ್ಲಿ ಆತಂಕದ ರಸಗಳು ಇಳಿಯದೆ ಉಳಿದರೆ ಬೆಳೆಯುತ್ತಿರುವ ಮಿದುಳಿಗೇ ಪೆಟ್ಟು ಎಂದು ವೈದ್ಯರ ಸಂಘ ಸರ್ಕಾರಕ್ಕೆ ಮೊದಲೇ ಪತ್ರ ಬರೆದಿತ್ತು.

ಮೆಕಾಲೆನ್‌ನಿಂದ ಪೂರ್ವಕ್ಕೆ ಸಮುದ್ರದ ಕಡೆ ಹೋದರೆ ಬ್ರೌನ್ಸ್‌ವಿಲ್. ಅಲ್ಲೊಂದು ಹಳೆಯ ವಾಲ್‌ಮಾರ್ಟ್ ಅಂಗಡಿ. ಒಂದು ಕಾಲಕ್ಕೆ ಸಾಬೂನು, ಟಿವಿ, ಟಯರು ಮಾರುತ್ತಿದ್ದ ಎರಡೂವರೆ ಲಕ್ಷ ಚದರಡಿಯ ಆ ಕಟ್ಟಡದಲ್ಲಿ ಆಗ ಸುಮಾರು 1,500 ಹುಡುಗರಿದ್ದರು. ಬಹುತೇಕರು ಒಂಟಿಯಾಗಿ ಬಂದವರು. ಅವರ ನಡುವೆ ಹೆತ್ತವರಿಂದ ಬೇರ್ಪಡಿಸಿ ತಂದವರೂ ಇದ್ದರು. ಜೂನ್ 3ರ ಭಾನುವಾರ ಅದರ ಬಾಗಿಲಿಗೆ ಒಬ್ಬ ಮನುಷ್ಯ ಬಂದು ಒಳಗೆ ಬಿಡಿ ಎಂದು ಕೇಳಿದರು. ಗಾಜುಗಳಿಗೆಲ್ಲ ಕಪ್ಪು ಮುಸುಕು. ಮೇಲ್ವಿಚಾರಕರನ್ನು ಕರೆಯುತ್ತೇವೆ ಎಂದವರು ಪೊಲೀಸರನ್ನು ಕರೆದರು. ಬಾಗಿಲ ಬಳಿ ನಿಂತಿದ್ದವರು ಒರೆಗನ್ ರಾಜ್ಯದ ಸೆನೆಟರ್ ಜೆಫ್ ಮರ್ಕ್ಲಿ. ಈ ಮಕ್ಕಳ ಊಟ ಉಪಚಾರಕ್ಕೆ ಹಣ ಮಂಜೂರು ಮಾಡುವ ಸಂಸತ್ತಿನ ಸದಸ್ಯ. ತಾನು ಮಂಜೂರು ಮಾಡಿದ ಹಣದಲ್ಲಿ ನಡೆಯುವ ಜಾಗದೊಳಗೆ ಕಾಲಿಡಲು ಆತನಿಗೆ ಆಗಲಿಲ್ಲ. ಮೊಬೈಲಿನಲ್ಲಿ ನೇರವಾಗಿ ಬಿತ್ತರಗೊಂಡ ಆ ದೃಶ್ಯವನ್ನು ಲಕ್ಷಾಂತರ ಜನ ನೋಡಿದರು. ಗಡಿಯ ಕತೆ ವಾಷಿಂಗ್ಟನ್ನಿನ ಸದನಕ್ಕೆ ಬಂದು ಬಿದ್ದದ್ದು ಹೀಗೆ.

ಸದನದಲ್ಲಿ

ಕ್ಯಾಲಿಫೋರ್ನಿಯಾದ ಹಿರಿಯ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಆ ಜೂನ್‌ನಲ್ಲೇ ಒಂದು ಮಸೂದೆ ಮಂಡಿಸಿದರು. ಹೆಸರು ‘ಕೀಪ್ ಫ್ಯಾಮಿಲೀಸ್ ಟುಗೆದರ್ ಆಕ್ಟ್’. ಸಂಸಾರಗಳನ್ನು ಒಟ್ಟಿಗಿರಿಸುವ ಕಾಯ್ದೆ. ಅದರ ಪುಟಗಳನ್ನು ತೆರೆದು ಓದಬೇಕು. ಭಾಷಣದ ಮಾತು ಅದರಲ್ಲಿಲ್ಲ. ಮೆಕಾಲೆನ್‌ನಲ್ಲಿ ಏನೇನು ತಪ್ಪಿತೋ ಅದಕ್ಕೆಲ್ಲ ಒಂದೊಂದು ಕಲಂ ಇದೆ.

ಗಡಿಯಿಂದ ನೂರು ಮೈಲಿಯೊಳಗೆ ಮಗುವನ್ನು ಹೆತ್ತವರಿಂದ ಬೇರ್ಪಡಿಸುವಂತಿಲ್ಲ. ವಿನಾಯಿತಿ ಯಾವಾಗ? ನ್ಯಾಯಾಲಯ ಹೆತ್ತವರ ಹಕ್ಕನ್ನು ರದ್ದು ಮಾಡಿದ್ದರೆ, ಮಕ್ಕಳ ಕಲ್ಯಾಣ ಇಲಾಖೆ ಮಗುವಿನ ಹಿತಕ್ಕೆ ಇದೇ ಸರಿ ಎಂದು ತೀರ್ಮಾನಿಸಿದ್ದರೆ, ಅಥವಾ ಜೊತೆಗಿರುವವರು ಸಾಗಣೆದಾರರಿರಬಹುದು, ಮಗುವಿಗೆ ಅಪಾಯವಿದೆ ಎಂಬ ಕುರುಹುಗಳಿದ್ದು ಹಿರಿಯ ಅಧಿಕಾರಿ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಹಾಗೆ ಬೇರ್ಪಡಿಸಿದರೂ ಮಕ್ಕಳ ವಿಷಯ ಬಲ್ಲ ಸ್ವತಂತ್ರ ಅಧಿಕಾರಿ ಅದನ್ನು ಮರುಪರಿಶೀಲಿಸಬೇಕು. ಹಾನಿಯ ಭಯವಿಲ್ಲ ಎಂದಾದರೆ ಮಗುವನ್ನು ಮರಳಿ ಒಪ್ಪಿಸಬೇಕು. ನಿಯಮ ಮುರಿದ ಅಧಿಕಾರಿಗೆ ದಂಡ. ಮಗು ಎಲ್ಲಿದೆ, ಹೇಗಿದೆ ಎಂದು ಹೆತ್ತವರಿಗೆ ವಾರ ವಾರ ವರದಿ ಕೊಡಬೇಕು, ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡಿಸಬೇಕು. ಆಶ್ರಯ ಕೋರಿ ಬಂದವರ ಮೇಲಿನ ಮೊಕದ್ದಮೆ ಅವರ ಅರ್ಜಿಯ ತೀರ್ಮಾನಕ್ಕೆ ಕಾಯಬೇಕು. ಗಡಿ ಅಧಿಕಾರಿಗಳಿಗೆ ಪ್ರತಿವರ್ಷ ಮಕ್ಕಳ ಬಗೆಗೆ ತರಬೇತಿ ಕೊಡಬೇಕು.

ಜೂನ್ 18ರ ಹೊತ್ತಿಗೆ ಡೆಮಾಕ್ರಟಿಕ್ ಪಾಳಯದ ಎಲ್ಲ 49 ಸೆನೆಟರ್‌ಗಳ ಸಹಿ ಅದಕ್ಕೆ ಬಿದ್ದಿತ್ತು. ರಿಪಬ್ಲಿಕನ್ ಪಕ್ಷದ 51 ಮಂದಿಯಲ್ಲಿ ಒಬ್ಬರ ಸಹಿಯೂ ಬೀಳಲಿಲ್ಲ. ಮರುದಿನ ಸಂಸದ ಜೆರಾಲ್ಡ್ ನ್ಯಾಡ್ಲರ್ ಪ್ರತಿನಿಧಿ ಸಭೆಯಲ್ಲಿ ಇಂಥದೇ ಮಸೂದೆ ಮಂಡಿಸಿದರು.

ಎದುರು ಪಕ್ಷದವರು ಸುಮ್ಮನಿದ್ದರು ಎನ್ನುವಂತಿಲ್ಲ. ಟೆಕ್ಸಾಸಿನ ಟೆಡ್ ಕ್ರೂಜ್ ತಮ್ಮದೇ ಮಸೂದೆ ಮುಂದಿಟ್ಟರು: ವಲಸೆ ನ್ಯಾಯಾಧೀಶರ ಸಂಖ್ಯೆಯನ್ನು ಸುಮಾರು 375ರಿಂದ 750ಕ್ಕೆ ಏರಿಸಿ, ಸಂಸಾರಗಳಿಗೆ ಒಟ್ಟಿಗಿರಲು ತಾತ್ಕಾಲಿಕ ಜಾಗಗಳನ್ನು ಕಟ್ಟಿ, ಆಶ್ರಯದ ಅರ್ಜಿಗಳನ್ನು ಹದಿನಾಲ್ಕು ದಿನದೊಳಗೆ ತೀರ್ಮಾನಿಸಿ. ನಾರ್ತ್ ಕೆರೊಲಿನಾದ ಥಾಮ್ ಟಿಲಿಸ್ ಇನ್ನೊಂದನ್ನು ತಂದರು. ಮಗು ತಾಯಿಯ ಜೊತೆ ಇರಬೇಕು ಎಂಬಲ್ಲಿ ಎಲ್ಲರದೂ ಒಂದೇ ಮಾತು. ಎಲ್ಲಿ ಇರಬೇಕು ಎಂಬಲ್ಲಿ ಮಾತು ಕವಲೊಡೆಯಿತು.

ಆ ಕವಲಿಗೆ ಮೂಲ 1997ರ ಫ್ಲೋರೆಸ್ ಒಪ್ಪಂದ. ಎಲ್ ಸಾಲ್ವಡಾರ್‌ನ ಹದಿನೈದರ ಬಾಲಕಿಯೊಬ್ಬಳ ಹೆಸರಿನಲ್ಲಿ 1985ರಲ್ಲಿ ಹೂಡಿದ ದಾವೆಯಿಂದ ಹುಟ್ಟಿದ ಆ ಒಪ್ಪಂದದ ತಿರುಳು ಇಷ್ಟೇ: ವಲಸಿಗರ ಮಕ್ಕಳನ್ನು ಕೂಡಿಹಾಕಬೇಡಿ, ಆದಷ್ಟು ಬೇಗ ಬಿಡಿ. ಹೆತ್ತವರ ಜೊತೆಗಿರುವ ಮಕ್ಕಳಿಗೂ ಇದು ಅನ್ವಯ ಎಂದು 2015ರಲ್ಲಿ ನ್ಯಾಯಾಧೀಶೆ ಡಾಲಿ ಜೀ ತೀರ್ಪಿತ್ತರು. ಸುಮಾರು ಇಪ್ಪತ್ತು ದಿನದ ಮಿತಿ ಬಂದದ್ದು ಅಲ್ಲಿಂದ. ಆ ಮಿತಿ ತೆಗೆದುಹಾಕಿದರೆ ಸಂಸಾರವನ್ನು ಒಟ್ಟಿಗೇ ಬಂಧನದಲ್ಲಿಡಬಹುದು ಎಂಬುದು ರಿಪಬ್ಲಿಕನ್ನರ ವಾದ. ಮಗುವನ್ನು ಜೈಲಿನಿಂದ ಕಾಯುವ ಗೋಡೆಯನ್ನು ಕೆಡವಿ ತಾಯಿಯ ಜೊತೆ ಜೈಲಿಗೆ ಹಾಕುವುದು ಯಾವ ಪರಿಹಾರ ಎಂಬುದು ಡೆಮಾಕ್ರಟರ ವಾದ.

ಮೂರನೆಯ ದಾರಿಯೊಂದು ಆಗಲೇ ಇತ್ತು, ಸವೆದು ಹದವಾದದ್ದು. 2016ರ ಜನವರಿಯಿಂದ ಐದು ಮಹಾನಗರ ವಲಯಗಳಲ್ಲಿ ಸರ್ಕಾರವೇ ಒಂದು ಪ್ರಯೋಗ ನಡೆಸಿತ್ತು. ಸಂಸಾರವನ್ನು ಊರೊಳಗೆ ಬಿಡುವುದು, ಒಬ್ಬ ಸಮಾಜ ಕಾರ್ಯಕರ್ತರನ್ನು ಗೊತ್ತು ಮಾಡುವುದು, ವಕೀಲರನ್ನು ಹುಡುಕಲು ನೆರವಾಗುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ವಿಚಾರಣೆಯ ದಿನವನ್ನು ನೆನಪಿಸುವುದು. ನೂರಕ್ಕೆ 99ರಷ್ಟು ಹಾಜರಾತಿ. ಒಂದು ಸಂಸಾರಕ್ಕೆ ದಿನಕ್ಕೆ ನಲವತ್ತು ಡಾಲರಿನೊಳಗೆ ಖರ್ಚು. ಸಂಸಾರಗಳ ಬಂಧನ ಕೇಂದ್ರದಲ್ಲಾದರೆ ತಲೆಯೊಂದಕ್ಕೆ ಮುನ್ನೂರಕ್ಕೂ ಹೆಚ್ಚು. ಆ ಪ್ರಯೋಗವನ್ನು 2017ರ ಜೂನ್‌ನಲ್ಲಿ ನಿಲ್ಲಿಸಿದರು. ಮರುತಿಂಗಳೇ ಎಲ್ ಪಾಸೊದಲ್ಲಿ ಮಕ್ಕಳನ್ನು ಬೇರ್ಪಡಿಸುವ ತಾಲೀಮು ಶುರುವಾಯಿತು.

ಜೂನ್ 21ರಂದು ಪ್ರತಿನಿಧಿ ಸಭೆ ರಿಪಬ್ಲಿಕನ್ನರ ಕಟ್ಟುನಿಟ್ಟಿನ ವಲಸೆ ಮಸೂದೆಯನ್ನು ಮತಕ್ಕೆ ಹಾಕಿತು. ಪರ 193, ವಿರೋಧ 231, ಬಿತ್ತು. ಮರುದಿನ ಶುಕ್ರವಾರ ಕ್ಯಾಲಿಫೋರ್ನಿಯಾದ ಟೆಡ್ ಲ್ಯೂ ಮಾತನಾಡಲು ಎದ್ದರು. ಮಕ್ಕಳು ಏನು ಕೇಳುತ್ತಿದ್ದಾರೆ ಎಂಬುದನ್ನು ಸದನ ಕೇಳಲಿ ಎಂದು ಹೇಳಿ ಕೈಯಲ್ಲಿದ್ದ ಸಾಧನವನ್ನು ಮೈಕಿನ ಹತ್ತಿರ ಹಿಡಿದರು. ಪ್ರೊಪಬ್ಲಿಕಾದ ಆ ಧ್ವನಿಮುದ್ರಣ. ಅಳು ಸದನದ ಎತ್ತರದ ಗೋಡೆಗಳಿಗೆ ತಾಗಿ ಹರಡಿತು. ಪೀಠದಲ್ಲಿದ್ದ ಕರೆನ್ ಹ್ಯಾಂಡೆಲ್ ಸುತ್ತಿಗೆ ಬಡಿದರು. ಸದನದಲ್ಲಿ ಇಂಥ ಸಾಧನ ಬಳಸುವುದು ಶಿಸ್ತಿನ ಉಲ್ಲಂಘನೆ, ನಿಲ್ಲಿಸಿ ಎಂದರು. ಇದನ್ನು ದೇಶದ ಜನರಿಂದ ಏಕೆ ಮರೆಮಾಚಬೇಕು ಎಂದು ಕೇಳಿ ಲ್ಯೂ ಮುಂದುವರಿಸಿದರು. ಮತ್ತೆ ಸುತ್ತಿಗೆ, ಮತ್ತೆ ಅಳು. ಸಂಸತ್ತಿನ ಕಡತಗಳಲ್ಲಿ ಅಂಕಿಗಳಾಗಿದ್ದ ಮಕ್ಕಳು ಆ ಕೆಲವು ನಿಮಿಷ ದನಿಯಾಗಿ ಅಲ್ಲಿದ್ದರು.

ಜೂನ್ 27ರಂದು ಇನ್ನೊಂದು ಮಸೂದೆ ಮತಕ್ಕೆ ಬಂತು. ಪಕ್ಷದೊಳಗಿನ ರಾಜಿಯ ಮಸೂದೆ ಎಂದೇ ಅದನ್ನು ಕರೆಯುತ್ತಿದ್ದರು. ಗಡಿಗೋಡೆಗೆ ಸುಮಾರು 25 ಶತಕೋಟಿ ಡಾಲರ್, ಬಾಲ್ಯದಲ್ಲೇ ಬಂದು ನೆಲೆಸಿದ ಯುವಕರಿಗೆ ಪೌರತ್ವದ ದಾರಿ, ಜೊತೆಗೆ ಸಂಸಾರಗಳನ್ನು ಒಟ್ಟಿಗೆ ಬಂಧನದಲ್ಲಿಡುವ ಅವಕಾಶ, ಎಲ್ಲವೂ ಒಂದೇ ಗಂಟಿನಲ್ಲಿ. ಪರ 121, ವಿರೋಧ 301. ಫೈನ್‌ಸ್ಟೈನ್ ಮಸೂದೆ ಮತದಾನದವರೆಗೂ ಬರಲಿಲ್ಲ. ಸಮಿತಿಯ ಕಪಾಟಿನಲ್ಲೇ ಉಳಿಯಿತು.

ಲೇಖನಿ, ನ್ಯಾಯಪೀಠ

ಹಾಗಾದರೆ ತಡೆದವರು ಯಾರು? ಜೂನ್ 20ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಆದೇಶವೊಂದಕ್ಕೆ ಸಹಿ ಹಾಕಿದರು. ಸಂಸತ್ತು ಕಾಯ್ದೆ ಮಾಡದ ಹೊರತು ತಮ್ಮ ಕೈ ಕಟ್ಟಿದೆ ಎಂದು ಅದುವರೆಗೆ ಹೇಳುತ್ತಿದ್ದವರು ಅವರೇ. ಸಂಸಾರಗಳನ್ನು ಒಟ್ಟಿಗಿರಿಸಿ ಎಂದ ಆ ಆದೇಶ, ಆಗಲೇ ಬೇರೆಯಾದವರನ್ನು ಸೇರಿಸುವ ಬಗೆಗೆ ಏನನ್ನೂ ಹೇಳಲಿಲ್ಲ.

ಅದನ್ನು ಹೇಳಿದವರು ಸ್ಯಾನ್ ಡಿಯಾಗೊದ ನ್ಯಾಯಾಧೀಶ ಡೇನಾ ಸಬ್ರಾ. ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ನೇಮಿಸಿದ್ದ ನ್ಯಾಯಾಧೀಶರು ಅವರು. ಕಾಂಗೊ ದೇಶದಿಂದ ಆಶ್ರಯ ಕೋರಿ ಬಂದ ತಾಯಿಯೊಬ್ಬಳ ದಾವೆ ಅವರ ಮುಂದಿತ್ತು. ಅವಳು ಹೊಳೆ ದಾಟಿ ಬಂದವಳಲ್ಲ, ಗಡಿಯ ಠಾಣೆಗೇ ಬಂದು ಆಶ್ರಯ ಕೇಳಿದವಳು. ಅವಳನ್ನು ಸ್ಯಾನ್ ಡಿಯಾಗೊದಲ್ಲಿಟ್ಟು, ಏಳು ವರ್ಷದ ಮಗಳನ್ನು ಎರಡು ಸಾವಿರ ಮೈಲಿ ದೂರದ ಶಿಕಾಗೊಗೆ ಕಳಿಸಿದ್ದರು. ಜೂನ್ 26ರಂದು ಸಬ್ರಾ ತಡೆಯಾಜ್ಞೆ ಕೊಟ್ಟರು: ಐದು ವರ್ಷದೊಳಗಿನ ಮಕ್ಕಳನ್ನು 14 ದಿನದಲ್ಲಿ, ಉಳಿದವರನ್ನು 30 ದಿನದಲ್ಲಿ ಹೆತ್ತವರಿಗೆ ಒಪ್ಪಿಸಿ. ಬಂಧಿತರ ಹಣ, ದಾಖಲೆ, ವಾಹನಗಳನ್ನೆಲ್ಲ ಸರ್ಕಾರ ಪಟ್ಟಿ ಮಾಡಿ ಕಾಯ್ದಿಟ್ಟು ಬಿಡುಗಡೆಯ ದಿನ ಕೊಡುತ್ತದೆ, ಮಕ್ಕಳ ಲೆಕ್ಕವಿಡಲು ಮಾತ್ರ ಅಂಥ ವ್ಯವಸ್ಥೆಯೇ ಇಲ್ಲ ಎಂದು ಅವರು ಆಜ್ಞೆಯಲ್ಲಿ ಬರೆದರು. ರೈಲ್ವೆ ಕ್ಲೋಕ್‌ರೂಮಿನಲ್ಲಿ ಪೆಟ್ಟಿಗೆ ಇಟ್ಟರೂ ಒಂದು ಚೀಟಿ ಕೈಗೆ ಬರುತ್ತದೆ. ಮಗುವನ್ನು ಕೊಟ್ಟ ತಾಯಿಯ ಕೈಯಲ್ಲಿ ಅದೂ ಇರಲಿಲ್ಲ.

ಇಲ್ಲದ ಲೆಕ್ಕವನ್ನು ಕೂಡಿಸಲು ಅಧಿಕಾರಿಗಳು ಸುಮಾರು 12,000 ಮಕ್ಕಳ ಕಡತಗಳನ್ನು ಒಂದೊಂದಾಗಿ ತಿರುವಿಹಾಕಿದರು. ಡಿಎನ್‌ಎ ಪರೀಕ್ಷೆ ಮಾಡಿದರು. ಮೆಕಾಲೆನ್‌ನ ವಕೀಲರು ಹಾಳೆಯಲ್ಲಿ ಬರೆದುಕೊಂಡಂಥ ಹೆಸರುಗಳು ಆಗ ಚಿನ್ನದಂಥವಾದವು. ಜುಲೈ 26ರ ಗಡುವಿನ ಹೊತ್ತಿಗೆ 1,442 ಮಕ್ಕಳು ಬಂಧನದಲ್ಲಿದ್ದ ಹೆತ್ತವರನ್ನು ಸೇರಿದರು. ಆದರೆ 431 ಮಕ್ಕಳ ಹೆತ್ತವರನ್ನು ಆ ಹೊತ್ತಿಗೆ ದೇಶದಿಂದಲೇ ಹೊರಹಾಕಿ ಆಗಿತ್ತು. ಮಗು ಇಲ್ಲಿ, ತಾಯಿ ಅಲ್ಲಿ.

ಅದೇ ಜುಲೈಯಲ್ಲಿ ಅರಿಜೋನಾದ ಫೀನಿಕ್ಸ್ ನಗರದ ವಲಸೆ ನ್ಯಾಯಾಲಯಕ್ಕೆ ಹೊಂಡುರಾಸ್‌ನ ಒಂದು ವರ್ಷದ ಗಂಡುಮಗು ಪ್ರತಿವಾದಿಯಾಗಿ ಹಾಜರಾಯಿತು. ಬಾಟಲಿಯಿಂದ ಹಾಲು ಕುಡಿಯಿತು, ನೇರಳೆ ಬಣ್ಣದ ಚೆಂಡಿನೊಡನೆ ಆಡಿತು, ನಡುವೆ ನೀರು ಕೇಳಿತು. ನಿಯಮದಂತೆ ನ್ಯಾಯಾಧೀಶರು ಪ್ರತಿವಾದಿಗೆ ವಿಚಾರಣೆ ಅರ್ಥವಾಗುತ್ತಿದೆಯೇ ಎಂದು ಕೇಳಬೇಕು. ಇದನ್ನು ಕೇಳಲು ತನಗೆ ಮುಜುಗರವಾಗುತ್ತದೆ ಎಂದು ವಕೀಲರಿಗೆ ಹೇಳಿದರು. ಕೆಲವು ತಾಯಂದಿರು ತಿಂಗಳುಗಳ ಮೇಲೆ ಕೂಸನ್ನು ಕಂಡು ತೋಳು ಚಾಚಿದರೆ, ಕೂಸು ಗುರುತು ಹಿಡಿಯದೆ ಆಶ್ರಯಧಾಮದ ಕೆಲಸದಾಕೆಯ ಕಡೆಗೇ ತಿರುಗಿ ಅತ್ತಿತು.

ಈ ಹೋರಾಟದಲ್ಲಿ ನಮ್ಮ ಕಡೆಯ ನಂಟೊಂದು ಉಂಟು. ಪ್ರಮೀಳಾ ಜಯಪಾಲ್ ಚೆನ್ನೈನಲ್ಲಿ ಹುಟ್ಟಿದವರು. ಅವರ ಹೆತ್ತವರು ನೆಲೆಸಿದ್ದು ಬೆಂಗಳೂರಿನಲ್ಲಿ. ಹದಿನಾರರ ಹುಡುಗಿಯಾಗಿ ಹೆತ್ತವರನ್ನು ಬಿಟ್ಟು ಓದಲು ಒಬ್ಬರೇ ಅಮೆರಿಕಕ್ಕೆ ಹೋದ ಅವರು 2018ರ ಹೊತ್ತಿಗೆ ಸಿಯಾಟಲ್‌ನ ಸಂಸದೆ. ಜೂನ್ 9ರಂದು ಸಿಯಾಟಲ್ ಬಳಿಯ ಫೆಡರಲ್ ಜೈಲಿಗೆ ಹೋಗಿ ಗಡಿಯಿಂದ ಅಲ್ಲಿಗೆ ಸಾಗಿಸಿದ್ದ 174 ಹೆಂಗಸರನ್ನು ಕಂಡರು. ಪಕ್ಕದ ಕೋಣೆಯಿಂದ ತಮ್ಮ ಮಕ್ಕಳು ಅಳುವುದು ಕೇಳುತ್ತಿತ್ತು, ಹೋಗಲು ಬಿಡಲಿಲ್ಲ ಎಂದು ತಾಯಂದಿರು ಅವರಿಗೆ ಹೇಳಿದರು. ಜೂನ್ 28ರಂದು ಸೆನೆಟ್ ಕಚೇರಿ ಕಟ್ಟಡದ ಅಮೃತಶಿಲೆಯ ನೆಲದ ಮೇಲೆ ನೂರಾರು ಹೆಂಗಸರು ಬೆಳ್ಳಿ ಹಾಳೆಯ ಹೊದಿಕೆ ಹೊದ್ದು ಕೂತರು. ಸುಮಾರು 575 ಮಂದಿಯನ್ನು ಪೊಲೀಸರು ಬಂಧಿಸಿದರು, ಜಯಪಾಲ್ ಅವರಲ್ಲೊಬ್ಬರು.

ಇನ್ನೂ ಬರೆಯದ ಕಾನೂನು

ಜುಲೈ 31ರಂದು ಸೆನೆಟ್‌ನ ನ್ಯಾಯಾಂಗ ಸಮಿತಿ ಅಧಿಕಾರಿಗಳನ್ನು ಕೂರಿಸಿ ವಿಚಾರಿಸಿತು. ಆರೋಗ್ಯ ಇಲಾಖೆಯ ಜೊನಾಥನ್ ವೈಟ್ ಸಮವಸ್ತ್ರದಲ್ಲಿ ಬಂದಿದ್ದರು. ಬೇರ್ಪಡಿಸಿದರೆ ಮಕ್ಕಳ ಮನಸ್ಸಿಗೆ ದೊಡ್ಡ ಗಾಯವಾಗುತ್ತದೆ ಎಂದು ತಾವು ಹಿಂದಿನ ವರ್ಷವೇ ಎಚ್ಚರಿಸಿದ್ದಾಗಿ ಹೇಳಿದರು. ಅಂಥ ನೀತಿಯೇನೂ ಇಲ್ಲ ಎಂಬ ಉತ್ತರ ಆಗ ಅವರಿಗೆ ಬಂದಿತ್ತಂತೆ. ಬಲ್ಲವರು ಒಳಗೇ ಇದ್ದರು, ಹೇಳಿಯೂ ಇದ್ದರು. ಅವರ ಮಾತನ್ನು ಕೇಳಲೇಬೇಕು ಎಂದು ಮೇಲಿನವರನ್ನು ಕಟ್ಟಿಹಾಕುವ ಕಾಯ್ದೆ ಇರಲಿಲ್ಲ.

2019ರ ಆರಂಭದಲ್ಲಿ ನ್ಯಾಡ್ಲರ್ ಮತ್ತು ಫೈನ್‌ಸ್ಟೈನ್ ತಮ್ಮ ಮಸೂದೆಗಳನ್ನು ಮತ್ತೆ ಮಂಡಿಸಿದರು, ಅವು ಕಾಯ್ದೆಯಾಗಲಿಲ್ಲ. ಒಂದು ಸಣ್ಣ ಗೆಲುವು ಮಾತ್ರ ಸಿಕ್ಕಿತು. ಮುಂದಿನ ವರ್ಷಗಳ ಬಜೆಟ್ ಕಾಯ್ದೆಯೊಳಗೆ ಒಂದು ಕಲಂ ಸೇರಿತು: ವಲಸಿಗರ ಬಂಧನ ಕೇಂದ್ರಗಳ ಉಸ್ತುವಾರಿಗೆ ಬರುವ ಸಂಸದರನ್ನು ತಡೆಯಲು ಗೃಹಭದ್ರತಾ ಇಲಾಖೆ ಸರ್ಕಾರದ ಹಣ ಬಳಸುವಂತಿಲ್ಲ. ಮರ್ಕ್ಲಿ ನಿಂತಿದ್ದಂಥ ಮುಚ್ಚಿದ ಬಾಗಿಲಿಗೆ ಸಂಸತ್ತು ಕೊಟ್ಟ ಉತ್ತರ ಅದು. ಬಾಗಿಲಿಗೆ ಕಾನೂನು ಬಂತು, ಬಾಗಿಲ ಹಿಂದಿನ ಮಗುವಿಗೆ ಬರಲಿಲ್ಲ.

ಬೇರೆಯಾದ ಮಕ್ಕಳ ಒಟ್ಟು ಸಂಖ್ಯೆ ಐದು ಸಾವಿರವನ್ನು ದಾಟಿತ್ತು ಎಂದು ವಕೀಲರು ಆಮೇಲೆ ಲೆಕ್ಕ ಹಾಕಿದರು. 2020ರ ಅಕ್ಟೋಬರ್‌ನಲ್ಲೂ 545 ಮಕ್ಕಳ ಹೆತ್ತವರು ಪತ್ತೆಯಾಗಿಲ್ಲ ಎಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ಗ್ವಾಟೆಮಾಲಾದ ಬೆಟ್ಟದೂರುಗಳಲ್ಲಿ, ಮಾಯಾ ಭಾಷೆಗಳನ್ನಾಡುವ ಹಳ್ಳಿಗಳಲ್ಲಿ ಹುಡುಕಾಟ ನಡೆಯಿತು. ಹಳೆಯ ವಿಳಾಸವೊಂದನ್ನು ಹಿಡಿದುಕೊಂಡು ಮನೆ ಮನೆಯ ಬಾಗಿಲು ಬಡಿದವರು ಅಲ್ಲಿನ ವಕೀಲರು, ಕಾರ್ಯಕರ್ತರು. 2021ರ ಫೆಬ್ರವರಿಯಲ್ಲಿ ಅಧ್ಯಕ್ಷ ಜೋ ಬೈಡನ್ ಸಂಸಾರಗಳನ್ನು ಸೇರಿಸಲು ಕಾರ್ಯಪಡೆಯೊಂದನ್ನು ಆದೇಶದ ಮೂಲಕ ರಚಿಸಿದರು. 2025ರ ಜನವರಿ 20ರಂದು, ಮತ್ತೆ ಅಧಿಕಾರಕ್ಕೆ ಬಂದ ಟ್ರಂಪ್ ಮೊದಲ ದಿನವೇ ಆ ಆದೇಶವನ್ನು ರದ್ದು ಮಾಡಿದರು. ಒಂದು ಲೇಖನಿ ಕಟ್ಟಿದ್ದನ್ನು ಇನ್ನೊಂದು ಲೇಖನಿ ಬಿಚ್ಚಿತು.

ಈಗ ಉಳಿದಿರುವುದು ಒಂದು ಒಪ್ಪಂದ. ಕಾಂಗೊದ ತಾಯಿಯ ದಾವೆಯೇ ಬೆಳೆದು ಸಾವಿರಾರು ಸಂಸಾರಗಳ ದಾವೆಯಾಗಿ, 2023ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಸಬ್ರಾ ಆ ಒಪ್ಪಂದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದರು. ಗಡಿ ದಾಟಿದರು ಎಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುವ ನೀತಿಯನ್ನು ಎಂಟು ವರ್ಷ ಮತ್ತೆ ತರುವಂತಿಲ್ಲ. ಆ ಗಡುವು ಮುಗಿಯುವುದು 2031ರ ಡಿಸೆಂಬರ್‌ನಲ್ಲಿ. ಫೈನ್‌ಸ್ಟೈನ್ ಆ ಒಪ್ಪಂದವನ್ನು ನೋಡಲು ಉಳಿಯಲಿಲ್ಲ. 2023ರ ಸೆಪ್ಟೆಂಬರ್ 29ರಂದೇ ತೀರಿಕೊಂಡಿದ್ದರು.

ಹೆದರಿಸಿ ಜನರನ್ನು ಗಡಿಯಿಂದ ದೂರವಿಡುವುದಕ್ಕೆ ಮಗುವನ್ನು ಒತ್ತೆಯಿಡುವುದು ತಪ್ಪು. ಗಡಿ ಯಾರದೇ ಇರಲಿ, ಆಳುವ ಪಕ್ಷ ಯಾವುದೇ ಇರಲಿ, ಅದು ತಪ್ಪು. ಆದರೆ ತಪ್ಪು ಎಂದು ಎಲ್ಲರೂ ಒಪ್ಪಿದರೆ ಸಾಲದು ಎಂಬುದನ್ನು ಈ ಕತೆ ಕಲಿಸುತ್ತದೆ. ಆ ಜೂನ್‌ನಲ್ಲಿ ಎರಡೂ ಪಕ್ಷದವರು ಇದು ನಿಲ್ಲಬೇಕು ಎಂದರು. ಏಳು ನೂರಕ್ಕೂ ಹೆಚ್ಚು ಊರುಗಳಲ್ಲಿ ಜನ ಬೀದಿಗಿಳಿದರು. ನಿಲ್ಲಿಸುವ ಕಾಯ್ದೆ ಮಾತ್ರ ಆಗಲಿಲ್ಲ. ಆದೇಶ ಅಧ್ಯಕ್ಷರೊಂದಿಗೆ ಬದಲಾಗುತ್ತದೆ. ಒಪ್ಪಂದಕ್ಕೆ ಕೊನೆಯ ದಿನವಿದೆ. ಶಾಸನಕ್ಕೆ ಮಾತ್ರ ಅಧಿಕಾರದಲ್ಲಿರುವವರ ಕೈಯನ್ನು ಮುಂಚಿತವಾಗಿ ಹಿಡಿಯುವ ಶಕ್ತಿಯಿದೆ.

ಹಾಗೆ ಹಿಡಿಯಲು ಬೇಕಾದ ಮಾತುಗಳನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಮಗುವನ್ನು ಬೇರ್ಪಡಿಸುವ ತೀರ್ಮಾನ ಮಕ್ಕಳ ವಿಷಯ ಬಲ್ಲವರದಾಗಬೇಕು, ಗಡಿ ಕಾಯುವವರದಲ್ಲ. ತಪ್ಪಿದರೆ ತಪ್ಪಿದವರು ದಂಡ ತೆರಬೇಕು. ಮಗು ಎಲ್ಲಿದೆ ಎಂದು ತಾಯಿಗೆ ವಾರ ವಾರ ತಿಳಿಸಬೇಕು. ಇದೆಲ್ಲ 2018ರ ಆ ಮಸೂದೆಯಲ್ಲೇ ಬರೆದಿದೆ. ಅಮೆರಿಕದ ಸಂಸತ್ತು ಅದನ್ನು ಕಪಾಟಿನಿಂದ ಇಳಿಸಿ ಮತಕ್ಕೆ ಹಾಕಲಿ. 2031ರ ಗಡುವು ತೀರುವ ಮುನ್ನವೇ ಹಾಕಲಿ.